ವೈಕಿಂಗ್ಸ್ ಕೊಳ್ಳಲು ಬಂದ ಫೌಲರ್‌ಗೆ ಅಡ್ಡ ಬಂದದ್ದು ಬಣ್ಣವೋ, ಬಯೋಡೇಟಾವೋ?

ದಾವಣಗೆರೆ_ಟು_ಮಿನಸೋಟ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಮಿನಿಯಾಪೊಲಿಸ್‌ಗೆ ಬಂದು ಎಂಟು ತಿಂಗಳಾಯಿತು. ಇಲ್ಲಿ ಫುಟ್‌ಬಾಲ್ ಅಂದರೆ ಕೈಯಲ್ಲಿ ಹಿಡಿದು ಓಡುವ ಆಟ ಅನ್ನುವುದು ಈಗೀಗ ತಲೆಗೆ ಹತ್ತುತ್ತಿದೆ. ಆಫೀಸಿನಲ್ಲಿ ಸೋಮವಾರ ಊಟಕ್ಕೆ ಕೂತರೆ ಇಲ್ಲಿನ ತಂಡ ವೈಕಿಂಗ್ಸ್ ಬಿಟ್ಟು ಬೇರೆ ಮಾತೇ ಇಲ್ಲ.

ಮೊನ್ನೆ ಮಾತು ತಂಡಗಳ ಮಾರಾಟದ ಕಡೆ ತಿರುಗಿತು. 2025ರ ನವೆಂಬರ್‌ನಲ್ಲಿ ಆರ್‌ಸಿಬಿ ಮಾಲೀಕರು ತಂಡದ ವಿಷಯ ಮರುಪರಿಶೀಲನೆ ಮಾಡುತ್ತೇವೆ ಅಂದಾಗಿನಿಂದ ನನಗೆ ಅದೇ ಗುಂಗು. ಅದನ್ನೇ ಅವರಿಗೂ ಹೇಳಿದೆ. ಆಗ ಪಕ್ಕದ ಟೀಮಿನ ಹಿರಿಯರೊಬ್ಬರು ಒಂದು ಮಾತು ಅಂದರು. ಅವರು ಕಪ್ಪು ಜನಾಂಗದವರು, ಸೇಂಟ್ ಪಾಲ್‌ನಲ್ಲೇ ಹುಟ್ಟಿ ಬೆಳೆದವರು. "2005ರಲ್ಲಿ ನಮ್ಮವನೊಬ್ಬ ಈ ತಂಡ ಕೊಳ್ಳಲು ಬಂದಿದ್ದ. ರೆಜಿ ಫೌಲರ್ ಅಂತ. ಪೇಪರಿನವರು ಬೆನ್ನು ಹತ್ತಿ ಓಡಿಸಿಬಿಟ್ಟರು."

ಅವರು ತಟ್ಟೆ ಎತ್ತಿಕೊಂಡು ಹೋದ ಮೇಲೆ ಇನ್ನೊಬ್ಬ, ಬಿಳಿಯ, ಮೆಲ್ಲಗೆ ಅಂದ: "ಆ ಮನುಷ್ಯ ಸುಳ್ಳು ಹೇಳಿದ್ದ. ಅಷ್ಟೇ ವಿಷಯ."

ಇಬ್ಬರೂ ಒಳ್ಳೆಯವರು. ಇಬ್ಬರ ಮುಖದಲ್ಲೂ ಬೇಜಾರಿತ್ತು. ನಾನು ಮಧ್ಯೆ ಕೂತು ಮೊಸರನ್ನ ಕಲಸುತ್ತಿದ್ದೆ. ಆ ಕಾಲದಲ್ಲಿ ಇಲ್ಲಿದ್ದ ಕನ್ನಡದವರು ಯಾರಾದರೂ ಇದ್ದೀರಾ? ನಿಜವಾಗಿ ನಡೆದದ್ದೇನು? ಮತ್ತೆ ಆ ಹಿರಿಯರ ಹತ್ತಿರ ಮಾತು ತೆಗೆಯುವ ಮೊದಲು ಸ್ವಲ್ಪ ತಿಳಿದುಕೊಂಡಿರೋಣ ಅಂತ.

ಮಿನಿಯಾಪೊಲಿಸ್_ಮಾವ:

ತಮ್ಮಾ, ನಾನಿದ್ದೆ. ಊರು ತಿಪಟೂರು, ಇಲ್ಲಿಗೆ ಬಂದದ್ದು 1999ರಲ್ಲಿ. ಸ್ವಲ್ಪ ಉದ್ದ ಬರೆಯುತ್ತೇನೆ, ಕಾಫಿ ಇಟ್ಟುಕೋ.

2005ರ ಫೆಬ್ರುವರಿ 14. ಆಗ ವೈಕಿಂಗ್ಸ್ ಮಾಲೀಕ ರೆಡ್ ಮೆಕ್‌ಕೂಮ್ಸ್, ಟೆಕ್ಸಸ್‌ನಲ್ಲಿ ಕಾರು ಮಾರಿ ದುಡ್ಡು ಮಾಡಿದವನು. 1998ರಲ್ಲಿ ಸುಮಾರು 25 ಕೋಟಿ ಡಾಲರಿಗೆ ಕೊಂಡಿದ್ದ. ಹೊಸ ಸ್ಟೇಡಿಯಂ ಕಟ್ಟಿಕೊಡಿ ಅಂತ ಸರ್ಕಾರದ ಹತ್ತಿರ ಕೇಳಿ ಕೇಳಿ ಸಾಕಾಗಿ ಮಾರಲು ಹೊರಟಿದ್ದ. ಕೊಳ್ಳಲು ಬಂದವನು ಅರಿಜೋನಾದ ಉದ್ಯಮಿ ರೆಜಿ ಫೌಲರ್. ಬೆಲೆ ಸುಮಾರು 60 ಕೋಟಿ ಡಾಲರ್. ವ್ಯವಹಾರ ಕುದುರಿದ್ದರೆ ಎನ್‌ಎಫ್‌ಎಲ್‌ನಲ್ಲಿ, ಅಂದರೆ ಇಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ, ಮೊದಲ ಕಪ್ಪು ಮುಖ್ಯ ಮಾಲೀಕ ಆಗುತ್ತಿದ್ದ. ಆಡುವವರಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಹುಡುಗರು. ಮಾಲೀಕರ ಕುರ್ಚಿಯಲ್ಲಿ ಒಬ್ಬನೂ ಇಲ್ಲ. ಹಾಗಾಗಿ ದೊಡ್ಡ ಸುದ್ದಿ. ಮರುದಿನ ಪೇಪರ್ ತುಂಬಾ ಅವನದೇ ಫೋಟೋ.

ಆ ಮರುದಿನದ ಒಂದು ಸಂಗತಿ ಹೇಳಬೇಕು. ಈಗನ್ ಅನ್ನುವ ಉಪನಗರದಿಂದ ಡೌನ್‌ಟೌನ್‌ಗೆ ನಾವು ನಾಲ್ಕು ಜನ ಒಂದೇ ಕೊರೋಲಾದಲ್ಲಿ ಹೋಗುತ್ತಿದ್ದೆವು. ಹೊರಗೆ ಹಿಮ, ಹೀಟರು ಅರ್ಧ ಕೆಲಸ ಮಾಡುತ್ತಿತ್ತು. ಹಿಂದೆ ಕೂತ ಗೆಳೆಯ ಪೇಪರ್ ಬಿಡಿಸಿದ. ಫೋಟೋ ನೋಡಿದ. ಒಂದು ಸಾಲೂ ಓದಿರಲಿಲ್ಲ. "ಇವನ ಹತ್ರ ಅಷ್ಟು ದುಡ್ಡು ಎಲ್ಲಿಂದ ಬಂತಂತೆ?" ಅಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ. ಮೆಕ್‌ಕೂಮ್ಸ್ ಫೋಟೋ ಏಳು ವರ್ಷದಿಂದ ಬರುತ್ತಿತ್ತು, ಅವನ ದುಡ್ಡಿನ ಮೂಲ ನಾವು ಯಾರೂ ಕೇಳಿರಲಿಲ್ಲ.

ಕೆಲವೇ ದಿನಗಳಲ್ಲಿ ಪೇಪರಿನವರು ಅವನು ಹಂಚಿದ ಬಯೋಡೇಟಾ ಬಿಚ್ಚಿದರು. ವ್ಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಫೈನಾನ್ಸ್ ವಿಷಯದ ಬಿಸಿನೆಸ್ ಡಿಗ್ರಿ ಅಂತಿತ್ತು. ಇದ್ದದ್ದು ಸೋಶಿಯಲ್ ವರ್ಕ್ ಡಿಗ್ರಿ. ಸಿನ್ಸಿನಾಟಿ ಬೆಂಗಾಲ್ಸ್ ಅನ್ನುವ ಇನ್ನೊಂದು ಎನ್‌ಎಫ್‌ಎಲ್ ತಂಡಕ್ಕೆ ಆಡಿದ್ದೆ ಅಂತಿತ್ತು. ಒಂದೂ ಲೀಗ್ ಪಂದ್ಯ ಆಡಿರಲಿಲ್ಲ. ಚಿಕ್ಕಂದಿನಲ್ಲಿ ಲಿಟಲ್ ಲೀಗ್ ವರ್ಲ್ಡ್ ಸೀರೀಸ್ ಬೇಸ್‌ಬಾಲ್ ಆಡಿದ್ದೆ ಅಂತಿತ್ತು. ಅದೂ ಸುಳ್ಳು. ಕಾಲೇಜಿಗೆ ಫುಟ್‌ಬಾಲ್ ಆಡಿದ್ದು ಮಾತ್ರ ನಿಜ. ಫೌಲರ್ ತಪ್ಪಾಯಿತು ಅಂತ ಒಪ್ಪಿಕೊಂಡ. ಆದರೆ ಅಷ್ಟರಲ್ಲಿ ಮಾತು ಡಿಗ್ರಿಯಿಂದ ಬ್ಯಾಂಕಿಗೆ ಹೋಗಿತ್ತು. ಲೀಗಿನ ನಿಯಮದ ಪ್ರಕಾರ ಮುಖ್ಯ ಮಾಲೀಕನ ಪಾಲು ಕನಿಷ್ಠ 30 ಶೇಕಡಾ ಇರಬೇಕು. ಆ ದುಡ್ಡು ಅವನ ಕೈಯಲ್ಲಿ ತೋರಿಸಲು ಆಗಲಿಲ್ಲ. ಕೊನೆಗೆ ಅವನದೇ ಗುಂಪಿನಲ್ಲಿದ್ದ ನ್ಯೂಜೆರ್ಸಿಯ ಕಟ್ಟಡದ ವ್ಯಾಪಾರಿ ಜಿಗಿ ವಿಲ್ಫ್ ಮುಂದೆ ಬಂದ, ಫೌಲರ್ ಹಿಂದಿನ ಸಾಲಿನ ಪಾಲುದಾರನಾದ. ಮೇ ತಿಂಗಳಲ್ಲಿ ಲೀಗ್ ಒಪ್ಪಿಗೆ ಕೊಟ್ಟಿತು. ಅಲ್ಲಿಗೆ ಆ ಕತೆ ಮುಗಿಯಿತು.

ಈಗ ನನ್ನ ಪಾಲಿನ ಕತೆ. ನಾನು ಇಲ್ಲಿಗೆ ಬಂದದ್ದು ಒಂದು ಕನ್ಸಲ್ಟೆನ್ಸಿ ಮೂಲಕ. ಹೆಸರು ಬೇಡ, ಈಗ ಅದು ಇಲ್ಲವೂ ಇಲ್ಲ. ಗೆಸ್ಟ್‌ಹೌಸಿನಲ್ಲಿ ಆರು ಜನ, ಎರಡು ಹಾಸಿಗೆ, ಒಂದು ಫ್ಯಾಕ್ಸ್ ಮಷೀನು. ಮೊದಲ ದಿನವೇ ನನ್ನ ರೆಸ್ಯೂಮೆ ತೆಗೆದುಕೊಂಡು ಹೋಗಿ ಸಂಜೆ ವಾಪಸ್ ಕೊಟ್ಟರು. ಎರಡು ವರ್ಷದ ಅನುಭವ ಐದಾಗಿತ್ತು. ಮುಂಬೈಯಲ್ಲಿ ನಾನು ಕಾಲಿಡದ ಒಂದು ಬ್ಯಾಂಕಿಗೆ ಮೂರು ವರ್ಷ ಕೋಬಾಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆದಿದ್ದೆನಂತೆ. "ಎಲ್ಲರೂ ಹೀಗೇ ಮಾಡೋದು, ಸುಮ್ನೆ ಓದಿಕೊಳ್ಳಿ" ಅಂದರು. ಓದಿಕೊಂಡೆ. ಫೋನ್ ಇಂಟರ್ವ್ಯೂನಲ್ಲಿ ಒಪ್ಪಿಸಿದೆ. ಕೆಲಸ ಸಿಕ್ಕಿತು.

ಹಾಗಾಗಿ ಫೌಲರ್ ಬಯೋಡೇಟಾದ ಸುದ್ದಿ ಬಂದ ವಾರ ನನಗೆ ಆ ಕಾರಿನಲ್ಲಿ ನಗು ಬರಲಿಲ್ಲ. ನಮ್ಮ ನಾಲ್ವರಲ್ಲಿ ಮೂವರ ರೆಸ್ಯೂಮೆ ಅದೇ ಫ್ಯಾಕ್ಸ್ ಮಷೀನಿನಿಂದ ಹೊರಟದ್ದು. ಯಾರೂ ಬಾಯಿ ಬಿಡಲಿಲ್ಲ. ರೇಡಿಯೋ ಜೋರು ಮಾಡಿದೆವು.

ನಿನ್ನ ಪ್ರಶ್ನೆಗೆ ನನ್ನ ಉತ್ತರ: ನಿನ್ನ ಗೆಳೆಯರಿಬ್ಬರೂ ಹೇಳಿದ್ದು ಸರಿ. ಫೌಲರ್ ಸುಳ್ಳು ಬರೆದಿದ್ದ, ಕೇಳಿದ್ದು ತಪ್ಪಲ್ಲ. ಆದರೆ ಪೇಪರಿನ ಒಂದು ಸಾಲೂ ಓದುವ ಮೊದಲೇ ನಮ್ಮ ಕಾರಿನಲ್ಲಿ ಆ ಪ್ರಶ್ನೆ ಬಂದಿತ್ತಲ್ಲ, ಅದಕ್ಕೆ ಬಯೋಡೇಟಾ ಕಾರಣ ಅಲ್ಲ.

ಗೂಗ್ಲಿ_ಗಣೇಶ:

ಮಾವ, ನಿಮ್ಮ ಕತೆ ಚೆನ್ನಾಗಿದೆ, ಆದರೆ ಅರ್ಧಕ್ಕೇ ನಿಲ್ಲಿಸಿದ್ದೀರಿ. ಆ ಫೌಲರ್ ಆಮೇಲೆ ಏನಾದ ಅಂತ ಯಾಕೆ ಬರೆಯಲಿಲ್ಲ? 2019ರಲ್ಲಿ ಅವನ ಮೇಲೆ ಕೇಸು ಬಿತ್ತು. ಕ್ರಿಪ್ಟೋ ಕಂಪನಿಗಳ ದುಡ್ಡು ಓಡಿಸಲು ಬ್ಯಾಂಕುಗಳಿಗೆ ಸುಳ್ಳು ಹೇಳಿ ಖಾತೆ ತೆರೆದದ್ದು. ಹೊಸ ಫುಟ್‌ಬಾಲ್ ಲೀಗ್ ಒಂದಕ್ಕೆ ದುಡ್ಡು ಹಾಕುತ್ತೇನೆ ಅಂತ ಮೋಸ ಮಾಡಿದ್ದು. 2022ರಲ್ಲಿ ತಪ್ಪೊಪ್ಪಿಗೆ, 2023ರಲ್ಲಿ ಆರು ವರ್ಷ ಚಿಲ್ಲರೆ ಜೈಲು ಶಿಕ್ಷೆ. ಪೇಪರಿನವರು 2005ರಲ್ಲೇ ಸರಿಯಾಗಿ ಮೂಸಿದ್ದರು. ಇದರಲ್ಲಿ ಬಣ್ಣ ಎಲ್ಲಿ ಬಂತು? ಎಲ್ಲದಕ್ಕೂ ಬಣ್ಣ ತರುವುದು ಈಗ ಫ್ಯಾಷನ್ ಆಗಿದೆ.

ಡೆಸ್ಕ್_ಸುಮ:

ಗಣೇಶ್ ಅವರೇ, ಒಂದು ನಿಮಿಷ. ನಾನು ಬೆಂಗಳೂರಿನಲ್ಲಿ ಕ್ರೀಡಾ ಪುಟದ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಕೂತವಳು. ವರದಿ ಹೇಗೆ ಹುಟ್ಟುತ್ತದೆ ಅನ್ನುವ ಕಡೆಯಿಂದ ಹೇಳುತ್ತೇನೆ.

ಡಿಗ್ರಿ ನಿಜವೋ ಸುಳ್ಳೋ ಅಂತ ತಿಳಿಯಲು ಒಂದು ಫೋನ್ ಸಾಕು, ವಿಶ್ವವಿದ್ಯಾಲಯಕ್ಕೆ. ಬೆಂಗಾಲ್ಸ್‌ಗೆ ಆಡಿದ್ದನೋ ಇಲ್ಲವೋ, ಇನ್ನೊಂದು ಫೋನ್. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ, ಸಂಜೆಗೆ ಮುಖಪುಟ. ಆದರೆ ದುಡ್ಡು ನಿಜವಾಗಿ ಇದೆಯಾ, ಯಾರಿಂದ ಹೇಗೆ ಬಂತು, ಅದಕ್ಕೆ ತಿಂಗಳುಗಟ್ಟಲೆ ದಾಖಲೆ ಓದಬೇಕು. ಯಾವ ಸಂಪಾದಕರೂ ಅಷ್ಟು ಸಮಯ ಕೊಡುವುದಿಲ್ಲ. ಜೊತೆಗೆ 'ಮೊದಲ ಕಪ್ಪು ಮಾಲೀಕ' ಅಂದಾಗ ಮಾರುತ್ತಿರುವುದು ಒಂದು ಜೀವನ ಕತೆ. ಪತ್ರಕರ್ತರು ಆ ಕತೆಯನ್ನೇ ಉಜ್ಜಿ ನೋಡುತ್ತಾರೆ. ತಾತನ ಕಾಲದ ಆಸ್ತಿ ಇದ್ದವನು ಯಾವ ಕತೆಯನ್ನೂ ಹೇಳಬೇಕಾಗಿಲ್ಲ, ಹಾಗಾಗಿ ಉಜ್ಜಲು ಏನೂ ಸಿಗುವುದಿಲ್ಲ.

ಇನ್ನು ಬಿಳಿಯರನ್ನು ಹೇಗೆ ನೋಡಿದರು ಅಂತ ನೋಡಬೇಕಾದರೆ ಜಾನ್ ಸ್ಪಾನೋ ಇದ್ದಾನೆ. ಡಲ್ಲಾಸ್‌ನವನು, ಬಿಳಿಯ. 1996ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಅನ್ನುವ ಐಸ್ ಹಾಕಿ ತಂಡವನ್ನು 16.5 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡ. ಜೇಬಿನಲ್ಲಿ ಏನೂ ಇರಲಿಲ್ಲ. ಒಂದು ಬ್ಯಾಂಕು 8 ಕೋಟಿ ಸಾಲ ಕೊಟ್ಟಿತು. 1997ರ ಫೆಬ್ರುವರಿಯಲ್ಲಿ ಲೀಗ್ ಒಪ್ಪಿಗೆಯನ್ನೂ ಕೊಟ್ಟಿತು! ಅವನ ಹಿನ್ನೆಲೆ ನೋಡಲು ಲೀಗ್ ಖರ್ಚು ಮಾಡಿದ್ದು ಸಾವಿರ ಡಾಲರಿಗಿಂತ ಕಡಿಮೆ ಅಂತ ಆಮೇಲೆ ಹೊರಬಿತ್ತು. 50 ಲಕ್ಷ ಡಾಲರ್ ಕಳಿಸಬೇಕಾದ ಕಡೆ 5,000 ಕಳಿಸಿದ, ಮೂರು ಸೊನ್ನೆ ನುಂಗಿ. ಸುಮ್ನೆ ಯೋಚನೆ ಮಾಡಿ, ಯಾರೂ ಫೋಟೋ ನೋಡಿ "ದುಡ್ಡೆಲ್ಲಿಂದ ಬಂತು" ಅನ್ನಲಿಲ್ಲ. ನ್ಯೂಸ್‌ಡೇ ಪತ್ರಿಕೆ ಅವನನ್ನು ಬಯಲಿಗೆಳೆದದ್ದು ತಂಡ ಅವನ ಕೈಗೆ ಹೋದ ಮೇಲೆ. ಫೌಲರ್ ವಿಷಯದಲ್ಲಿ ತಂಡ ಕೈಗೆ ಬರುವ ಮೊದಲು.

ಹಾಗಂತ ಪೂರ್ತಿ ಬಣ್ಣ ಅಂತಲೂ ನಾನು ಅನ್ನುವುದಿಲ್ಲ. ಸ್ಪಾನೋ ಪ್ರಕರಣದ ಮೇಲೆ ಲೀಗುಗಳೂ ಪತ್ರಿಕೆಗಳೂ ಎಚ್ಚರ ಕಲಿತಿದ್ದವು. ಫೌಲರ್ ಬರುವ ಹೊತ್ತಿಗೆ ಎಂಟು ವರ್ಷ ಕಳೆದಿತ್ತು.

ಗೂಗ್ಲಿ_ಗಣೇಶ:

ಒಪ್ಪಿದೆ ಮೇಡಂ, ಸ್ಪಾನೋ ವಿಷಯ ಗೊತ್ತಿರಲಿಲ್ಲ. ಆದರೂ ಅದು ಹಾಕಿ ಲೀಗಿನವರ ದಡ್ಡತನ. ವೈಕಿಂಗ್ಸ್‌ನಲ್ಲಿ ಬಿಳಿಯರಿಗೊಂದು ನ್ಯಾಯ, ಕಪ್ಪು ಜನರಿಗೊಂದು ನ್ಯಾಯ ಇತ್ತು ಅಂತ ತೋರಿಸಿ ನೋಡೋಣ.

ಮಿನಿಯಾಪೊಲಿಸ್_ಮಾವ:

ಗಣೇಶ, ಕೇಳಿದ್ದು ಒಳ್ಳೆಯದಾಯಿತು. ವೈಕಿಂಗ್ಸ್ ಮನೆಯೊಳಗಿನದೇ ಎರಡು ಹೇಳುತ್ತೇನೆ.

ಮೊದಲನೆಯದು ಜಾರ್ಜ್ ಓಲಿಯರಿ. ಬಿಳಿಯ. 2001ರ ಡಿಸೆಂಬರ್‌ನಲ್ಲಿ ನೋಟರ್ ಡೇಮ್ ಕಾಲೇಜಿನ ಫುಟ್‌ಬಾಲ್ ಕೋಚ್ ಆದ. ದೇಶದಲ್ಲೇ ದೊಡ್ಡ ಕುರ್ಚಿಗಳಲ್ಲಿ ಒಂದು ಅದು. ಐದೇ ದಿನಕ್ಕೆ ರಾಜೀನಾಮೆ. ಯಾಕೆ? ರೆಸ್ಯೂಮೆಯಲ್ಲಿ ಇಲ್ಲದ ಮಾಸ್ಟರ್ಸ್ ಡಿಗ್ರಿ, ಆಡದ ಕಾಲೇಜು ಫುಟ್‌ಬಾಲ್. ಹಿಡಿದದ್ದು ಪತ್ರಿಕೆಯವರೇ, ಸುಮಾ ಅವರು ಹೇಳಿದ ಹಾಗೆ ಫೋನ್ ಮಾಡಿ. ಅಂದರೆ ಬಿಳಿಯನೂ ಸಿಕ್ಕಿಬಿದ್ದ, ಆ ಮಾತು ನಿನ್ನ ಪರ. ಆದರೆ ಮುಂದೆ ಕೇಳು. 2002ರಲ್ಲಿ ಅವನಿಗೆ ಕೆಲಸ ಕೊಟ್ಟದ್ದು ಯಾರು ಗೊತ್ತಾ? ನಮ್ಮ ವೈಕಿಂಗ್ಸ್! ಕೋಚ್ ಮೈಕ್ ಟೈಸ್ ಹೈಸ್ಕೂಲಿನಲ್ಲಿ ಅವನ ಶಿಷ್ಯ. ಎರಡು ಸೀಸನ್ ಇಲ್ಲೇ ಇದ್ದ, ಆಮೇಲೆ ಫ್ಲೋರಿಡಾದ ಒಂದು ವಿಶ್ವವಿದ್ಯಾಲಯಕ್ಕೆ ಮುಖ್ಯ ಕೋಚ್ ಆಗಿ ಹೋದ. ಅವನು ಹೋಗಿ ಒಂದು ವರ್ಷಕ್ಕೆ ಫೌಲರ್ ಬಂದ, ಅದೇ ತರದ ತಪ್ಪು ಹೊತ್ತುಕೊಂಡು. ಕೋಚ್ ಕೆಲಸ ಬೇರೆ, ಮಾಲೀಕತ್ವ ಬೇರೆ, ಒಪ್ಪುತ್ತೇನೆ. ಆದರೂ ಕೈ ಹಿಡಿದು ಮೇಲೆತ್ತುವ ಹಳೆಯ ಶಿಷ್ಯ ಒಬ್ಬ ಓಲಿಯರಿಗೆ ಇದ್ದ. ಮಾಲೀಕರ ಕೋಣೆಯಲ್ಲಿ ಫೌಲರ್‌ಗೆ ಅಂಥವನು ಯಾರಿದ್ದ?

ಎರಡನೆಯದು ನನಗೆ ಇನ್ನೂ ಚುಚ್ಚುತ್ತದೆ. ಫೌಲರ್ ಜಾಗಕ್ಕೆ ಬಂದ ವಿಲ್ಫ್ ಕುಟುಂಬದ ಮೇಲೆ ನ್ಯೂಜೆರ್ಸಿಯಲ್ಲಿ ಒಂದು ಸಿವಿಲ್ ಕೇಸು ಇತ್ತು. ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದ ಪಾಲುದಾರರು ನಮಗೆ ಬರಬೇಕಾದ ದುಡ್ಡು ಬರಲಿಲ್ಲ ಅಂತ ಹಾಕಿದ್ದು. ಯಾವಾಗ? 1992ರಲ್ಲಿ. ಅಂದರೆ ತಂಡ ಕೊಂಡಾಗ ಆ ಕೇಸಿಗೆ ಹದಿಮೂರು ವರ್ಷ. ತೀರ್ಪು ಬಂದದ್ದು 2013ರಲ್ಲಿ. ವಂಚನೆ ಆಗಿದೆ ಅಂದಿತು ಕೋರ್ಟು, 8 ಕೋಟಿ ಡಾಲರಿಗೂ ಜಾಸ್ತಿ ಕೊಡಿ ಅಂದಿತು. ಅವರು ಅಪೀಲು ಹೋದರು, ಅದು ಬೇರೆ ಮಾತು. 2005ರಲ್ಲಿ ನಾನು ದಿನಾ ಪೇಪರ್ ಓದುತ್ತಿದ್ದವನು. ಫೌಲರ್ ಯಾವ ಡಿಗ್ರಿ ಓದಿದ್ದ ಅಂತ ನನಗೆ ಬಾಯಿಪಾಠ ಆಗಿತ್ತು. ಈ ಕೇಸಿನ ವಿಷಯ ನನ್ನ ಕಿವಿಗೆ ಬಿದ್ದದ್ದು 2013ರಲ್ಲಿ. ಆಗ ಹೊಸ ಸ್ಟೇಡಿಯಂಗೆ ಸರ್ಕಾರದ ದುಡ್ಡು ಹೋಗುವುದರಲ್ಲಿತ್ತು. ತೀರ್ಪು ನೋಡಿ ಸ್ಟೇಡಿಯಂ ಪ್ರಾಧಿಕಾರದವರು ಗಾಬರಿಯಾಗಿ ವಿಲ್ಫ್ ಕುಟುಂಬದ ಲೆಕ್ಕಪತ್ರ ತನಿಖೆ ಮಾಡಿಸಿದರು. ದುಡ್ಡು ಇದೆ ಅಂತ ಆಯಿತು, ಸ್ಟೇಡಿಯಂ ಎದ್ದಿತು, 2016ರಿಂದ ಅಲ್ಲೇ ಆಟ. ಮಾಲೀಕರಾಗಿ ಅವರು ತಂಡಕ್ಕೆ ಚೆನ್ನಾಗಿಯೇ ಖರ್ಚು ಮಾಡಿದ್ದಾರೆ, ಸುಳ್ಳು ಹೇಳಬಾರದು.

ಮತ್ತೆ ಆ ಜೈಲಿನ ಮಾತು. ಅದನ್ನು ನಾನು ಬೇಕಂತಲೇ ಬಿಟ್ಟೆ. 2019ರ ಕೇಸನ್ನು ಹಿಡಿದು 2005ರ ಪೇಪರಿಗೆ ಹಾರ ಹಾಕಿದರೆ ಹೇಗೆ? ಹಾಗೆ ನೋಡಿದರೆ 2013ರ ತೀರ್ಪು ಹಿಡಿದು ಅದೇ ಪೇಪರಿಗೆ ಛೀಮಾರಿಯನ್ನೂ ಹಾಕಬೇಕಾಗುತ್ತದೆ.

ಡೆಸ್ಕ್_ಸುಮ:

ಮಾವ ಹೇಳಿದ ಕೇಸು ನಾನು ಮೇಲೆ ಹೇಳಿದ್ದಕ್ಕೆ ಸರಿಯಾಗಿ ಕೂಡುತ್ತದೆ. ಡಿಗ್ರಿಗೆ ಒಂದು ಫೋನ್ ಸಾಕು. ನ್ಯೂಜೆರ್ಸಿಯ ಕೋರ್ಟಿನ ಕಡತಕ್ಕೆ ಯಾರಾದರೂ ಹೋಗಿ ಕೂರಬೇಕು.

ಡೊನಾಲ್ಡ್ ಸ್ಟರ್ಲಿಂಗ್ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ, ಅಲ್ಲಿ ಬಣ್ಣ ಇನ್ನೊಂದು ಕಡೆಯಿಂದ ಬರುತ್ತದೆ. ಬಾಸ್ಕೆಟ್‌ಬಾಲ್ ತಂಡ ಕ್ಲಿಪ್ಪರ್ಸ್ ಮಾಲೀಕ. ತನ್ನ ಬಾಡಿಗೆ ಮನೆಗಳಲ್ಲಿ ಕಪ್ಪು ಮತ್ತು ಲ್ಯಾಟಿನೋ ಜನರಿಗೆ ಭೇದ ಮಾಡುತ್ತಾನೆ ಅಂತ ಅಮೆರಿಕದ ಕಾನೂನು ಇಲಾಖೆಯೇ 2006ರಲ್ಲಿ ಕೇಸು ಹಾಕಿತ್ತು. 2009ರಲ್ಲಿ ತಪ್ಪು ಒಪ್ಪದೆ 27 ಲಕ್ಷ ಡಾಲರಿಗೂ ಜಾಸ್ತಿ ಕೊಟ್ಟು ಮುಗಿಸಿಕೊಂಡ. ಎಲ್ಲ ದಾಖಲೆ ಬಹಿರಂಗ. ಕ್ರೀಡಾ ಪುಟಗಳಲ್ಲಿ ಚೂರು ಪಾರು ಬಂತು, ಲೀಗ್ ಏನೂ ಮಾಡಲಿಲ್ಲ. 2014ರ ಏಪ್ರಿಲ್ 25ಕ್ಕೆ ಟಿಎಂಝಡ್ ಅನ್ನುವ ಗಾಸಿಪ್ ವೆಬ್‌ಸೈಟ್ ಅವನ ಒಂದು ಖಾಸಗಿ ಮಾತಿನ ರೆಕಾರ್ಡಿಂಗ್ ಬಿಟ್ಟಿತು. ಗೆಳತಿಗೆ, ಕಪ್ಪು ಜನರನ್ನು ನನ್ನ ಪಂದ್ಯಗಳಿಗೆ ಕರೆತರಬೇಡ ಅಂದದ್ದು. 27ಕ್ಕೆ ಅವನದೇ ಆಟಗಾರರು ಓಕ್ಲೆಂಡ್‌ನಲ್ಲಿ ವಾರ್ಮ್‌ಅಪ್ ಅಂಗಿ ಬಿಚ್ಚಿ ಅಂಗಳದ ನಡುವೆ ರಾಶಿ ಹಾಕಿದರು, ಒಳ ಶರ್ಟು ಉಲ್ಟಾ ಹಾಕಿಕೊಂಡಿದ್ದರು. ಜಾಹೀರಾತು ಕಂಪನಿಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. 29ಕ್ಕೆ ಲೀಗಿನ ಮುಖ್ಯಸ್ಥ, ಕಮಿಷನರ್ ಆಡಮ್ ಸಿಲ್ವರ್ ಆಜೀವ ನಿಷೇಧ ಹಾಕಿದ. ಕಾಗದದ ಸಾಕ್ಷಿ ಐದು ವರ್ಷ ಬಿದ್ದಿತ್ತು, ಧ್ವನಿ ನಾಲ್ಕು ದಿನದಲ್ಲಿ ಕೆಲಸ ಮುಗಿಸಿತು.

ಶಿಕ್ಷೆಯ ಮೊತ್ತ 25 ಲಕ್ಷ ಡಾಲರ್ ದಂಡ. 1981ರಲ್ಲಿ ಸುಮಾರು 1.25 ಕೋಟಿಗೆ ಕೊಂಡಿದ್ದ ತಂಡ ಸ್ಟೀವ್ ಬಾಲ್ಮರ್‌ಗೆ 200 ಕೋಟಿ ಡಾಲರಿಗೆ ಹೋಯಿತು. ಇಂಥ ಶಿಕ್ಷೆ ನನಗೂ ಒಂದು ಬೇಕು.

ದಾವಣಗೆರೆ_ಟು_ಮಿನಸೋಟ:

ಎಲ್ಲರಿಗೂ ಥ್ಯಾಂಕ್ಸ್. ನಾನು ಸುಮ್ಮನೆ ಕೇಳಿದ್ದು, ಇಷ್ಟೆಲ್ಲ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ನಿನ್ನೆ ಆ ಹಿರಿಯರ ಜೊತೆ ಕಾಫಿ ಕುಡಿಯುತ್ತಾ ಓಲಿಯರಿ ವಿಷಯ ಎತ್ತಿದೆ. ಜೋರಾಗಿ ನಕ್ಕರು. "ಅದು ನಿನಗೆ ಯಾರು ಹೇಳಿದ್ದು?" ಅಂದರು. ಆಮೇಲೆ ತಮ್ಮ ತಂದೆಯ ವಿಷಯ ಹೇಳಿದರು. ತಂದೆ 1961ರಿಂದ, ಅಂದರೆ ತಂಡದ ಮೊದಲ ಸೀಸನ್ನಿನಿಂದ, ವೈಕಿಂಗ್ಸ್ ಅಭಿಮಾನಿ. ಫೌಲರ್ ಫೋಟೋ ಬಂದ ದಿನದ ಪೇಪರನ್ನು ಮಡಿಸಿ, ಬೈಬಲ್ ಇಡುವ ಡ್ರಾಯರಿನಲ್ಲಿ ಇಟ್ಟಿದ್ದರಂತೆ. ಮುಂದಿನ ವಾರದ ಪೇಪರುಗಳನ್ನು ಇಡಲಿಲ್ಲ. ಮೊದಲ ದಿನದ್ದನ್ನು ಬಿಸಾಡಲೂ ಇಲ್ಲ. ತಂದೆ ತೀರಿಕೊಂಡ ಮೇಲೆ ಡ್ರಾಯರು ಖಾಲಿ ಮಾಡುವಾಗ ಇವರಿಗೆ ಸಿಕ್ಕಿತಂತೆ. ಈಗ ಇವರ ಮನೆಯಲ್ಲಿದೆ. ಇವತ್ತಿಗೂ 32 ತಂಡಗಳಲ್ಲಿ ಒಂದಕ್ಕೂ ಕಪ್ಪು ಮುಖ್ಯ ಮಾಲೀಕ ಇಲ್ಲ ಅಂತ ಅವರೇ ಹೇಳಿದರು. ಫೌಲರ್ ಜೈಲಿಗೆ ಹೋದದ್ದೂ ಅವರಿಗೆ ಗೊತ್ತು. "ನಮಗೆ ಬಂದ ಒಬ್ಬನೇ ಒಬ್ಬ ಇವನಾಗಬೇಕಾ" ಅಂದರು.

ಮಾವ, ನಿಮ್ಮ ರೆಸ್ಯೂಮೆ ಕತೆಯನ್ನೂ ಹೇಳಿದೆ, ಹೆಸರಿಲ್ಲದೆ. ಅವರ ಒಂದು ಪ್ರಶ್ನೆ ಇದೆ: ಆ ಮೂರು ವರ್ಷ ಆಮೇಲೆ ತೆಗೆದರಾ?

ಮಿನಿಯಾಪೊಲಿಸ್_ಮಾವ:

ತೆಗೆದೆ. 2006ರಲ್ಲಿ, ಕೆಲಸ ಬದಲಿಸುವಾಗ. ಬ್ಯಾಂಕು ಅಳಿಸಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಕೇಳಿದರೆ ಏನು ಹೇಳುವುದು ಅಂತ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಇಂಟರ್ವ್ಯೂ ಮಾಡಿದವರು ಕಾಗದ ತಿರುಗಿಸಿಯೂ ನೋಡಲಿಲ್ಲ, ಸೋಮವಾರದಿಂದ ಬನ್ನಿ ಅಂದರು.